ಲಿಥಿಯಂ ಫ್ಲೋರೈಡ್ ಸ್ಫಟಿಕದಲ್ಲಿ ವಿಕಿರಣಜನ್ಯ ದೋಷಗಳು ಮತ್ತು ವಿಕಿರಣ ಮಾಪನ

ಪೀಠಿಕೆ

ಕ್ಷ-ಕಿರಣ, ಗಾಮಾ ಕಿರಣ ಮೊದಲಾದ ಅಯಾನೀಕರಿಸುವ ವಿಕಿರಣಗಳು ಕಣ್ಣಿಗೆ ಕಾಣುವುದಿಲ್ಲ. ದೇಹಕ್ಕೆ ತಗಲಿದ ಕ್ಷಣದಲ್ಲಿ ಅನುಭವಕ್ಕೂ ಬರುವುದಿಲ್ಲ. ಆದುದರಿಂದ ಆಸ್ಪತ್ರೆ, ಕೈಗಾರಿಕೆ ಹಾಗೂ ಪರಮಾಣು ಸ್ಥಾವರಗಳ ಸಿಬ್ಬಂದಿಗೆ ತಗಲಿದ ವಿಕಿರಣದ ಪ್ರಮಾಣವನ್ನು ಅಳೆಯಲು, ವಿಕಿರಣದ ಗುರುತನ್ನು ತನ್ನಲ್ಲಿ ಉಳಿಸಿಕೊಳ್ಳುವ ವಸ್ತುವೊಂದು ಅವಶ್ಯಕ. ಲಿಥಿಯಂ ಫ್ಲೋರೈಡ್ ಅಂತಹ ವಸ್ತುಗಳಲ್ಲಿ ಪ್ರಮುಖವಾದುದು. ಇದರ ಸ್ಫಟಿಕದಲ್ಲಿ ಉಂಟಾಗುವ ದೋಷಗಳೇ ಮಾಪನಕ್ಕೆ ಆಧಾರವಾಗಿವೆ.

ದೋಷಗಳ ಉತ್ಪತ್ತಿ

ಈ ಸ್ಫಟಿಕದ ರಚನೆಯು ಅಡಿಗೆ ಉಪ್ಪಿನ ರಚನೆಯನ್ನೇ ಹೋಲುತ್ತದೆ. ಶುದ್ಧ ಸ್ಫಟಿಕವು ಬಣ್ಣರಹಿತವಾಗಿದ್ದು ಪಾರದರ್ಶಕವಾಗಿರುತ್ತದೆ. ವಿಕಿರಣವು ಸ್ಫಟಿಕವನ್ನು ಹೊಕ್ಕಾಗ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಅವು ಮರಳಿ ಕೂಡಿಕೊಳ್ಳುವಾಗ ಹೊರಬೀಳುವ ಶಕ್ತಿಯು ಕೆಲವು ಫ್ಲೋರಿನ್ ಪರಮಾಣುಗಳನ್ನು ಸ್ವಸ್ಥಾನದಿಂದ ಕದಲಿಸುತ್ತದೆ. ಹೀಗೆ ತೆರವಾದ ಸ್ಥಾನದಲ್ಲಿ ಎಲೆಕ್ಟ್ರಾನೊಂದು ಸಿಕ್ಕಿಕೊಂಡರೆ ಅದನ್ನು ‘ಎಫ್ ಕೇಂದ್ರ’ ಎನ್ನುತ್ತಾರೆ. ಬಣ್ಣ ಎಂಬ ಅರ್ಥದ ಜರ್ಮನ್ ಪದದ ಮೊದಲ ಅಕ್ಷರದಿಂದ ಈ ಹೆಸರು ಬಂದಿದೆ. ಇದೇ ಬಗೆಯ ಸ್ಫಟಿಕಗಳಲ್ಲಿನ ವರ್ಣಕೇಂದ್ರಗಳನ್ನು 1920ರ ದಶಕದಿಂದ ಜರ್ಮನಿಯ ಗಟ್ಟಿಂಗನ್‌ನಲ್ಲಿ ರಾಬರ್ಟ್ ಪೋಲ್ ಮತ್ತು ಅವರ ಸಹೋದ್ಯೋಗಿಗಳು ವ್ಯವಸ್ಥಿತವಾಗಿ ಅಧ್ಯಯನ ಮಾಡಿದರು.

ಬೆಳಕಿನೊಡನೆ ವರ್ತನೆ

ಎಫ್ ಕೇಂದ್ರವು ಸುಮಾರು 250 ನ್ಯಾನೊಮೀಟರ್ ತರಂಗದೂರದ ನೇರಳಾತೀತ ಬೆಳಕನ್ನು ಹೀರುವುದರಿಂದ, ಅದೊಂದರಿಂದಲೇ ಕಣ್ಣಿಗೆ ಬಣ್ಣ ತೋರುವುದಿಲ್ಲ. ವಿಕಿರಣದ ಪ್ರಮಾಣ ಹೆಚ್ಚಿದಾಗ ನೆರೆಹೊರೆಯ ಕೇಂದ್ರಗಳು ಎರಡು ಅಥವಾ ಮೂರರ ಗುಂಪುಗಳಾಗುತ್ತವೆ. ಈ ಗುಂಪುಗಳು 450 ನ್ಯಾನೊಮೀಟರ್ ಆಸುಪಾಸಿನ ನೀಲಿ ಬೆಳಕನ್ನು ಹೀರುವುದರಿಂದ ಸ್ಫಟಿಕವು ಹಳದಿಯಾಗಿ ಕಾಣುತ್ತದೆ. ನೀಲಿ ಬೆಳಕಿನಿಂದ ಪ್ರಚೋದಿಸಿದಾಗ ಎರಡರ ಗುಂಪು ಕೆಂಪು ಬೆಳಕನ್ನೂ, ಒಂದು ಎಲೆಕ್ಟ್ರಾನ್ ಕಳೆದುಕೊಂಡ ಮೂರರ ಗುಂಪು ಹಸಿರು ಬೆಳಕನ್ನೂ ಸೂಸುತ್ತವೆ.

ಉಷ್ಣದೀಪ್ತಿ

ಮಾಪನಕ್ಕೆ ಬಳಸುವ ಸ್ಫಟಿಕಕ್ಕೆ ಅತ್ಯಲ್ಪ ಪ್ರಮಾಣದ ಮೆಗ್ನೀಸಿಯಂ ಮತ್ತು ಟೈಟಾನಿಯಂ ಬೆರೆಸಲಾಗಿರುತ್ತದೆ. ಮೆಗ್ನೀಸಿಯಂ ಸಂಬಂಧಿತ ದೋಷಗಳು ಎಲೆಕ್ಟ್ರಾನುಗಳನ್ನು ಹಿಡಿದಿಡುತ್ತವೆ. ಕಾಯಿಸಿದಾಗ ಅವು ಬಿಡುಗಡೆ ಹೊಂದಿ, ಟೈಟಾನಿಯಂ ಸಂಬಂಧಿತ ಕೇಂದ್ರಗಳಲ್ಲಿ ಬೆಳಕು ಹೊಮ್ಮುತ್ತದೆ. ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮುಖ್ಯ ಹೊಳಪು ಕಾಣುತ್ತದೆ. ಸಿಬ್ಬಂದಿಯ ಮಾಪನಕ್ಕೆ ಸಂಬಂಧಿಸಿದ ವ್ಯಾಪ್ತಿಯಲ್ಲಿ ಈ ಬೆಳಕು ಪಡೆದ ವಿಕಿರಣಕ್ಕೆ ಅನುಪಾತದಲ್ಲಿರುತ್ತದೆ. ಅಮೆರಿಕದ ಫ್ಯಾರಿಂಗ್ಟನ್ ಡೇನಿಯಲ್ಸ್ ಮತ್ತು ಸಂಗಡಿಗರು 1950ರ ದಶಕದಲ್ಲಿ ಈ ವಿಧಾನಕ್ಕೆ ಬುನಾದಿ ಹಾಕಿದರು. ಲಿಥಿಯಂ ಫ್ಲೋರೈಡ್‌ನ ಪರಿಣಾಮಕಾರಿ ಪರಮಾಣು ಸಂಖ್ಯೆ ಸುಮಾರು 8.2, ಮೃದು ಅಂಗಾಂಶದ್ದು ಸುಮಾರು 7.4. ಈ ಸಾಮೀಪ್ಯದಿಂದಾಗಿ ಸ್ಫಟಿಕವು ವಿಕಿರಣವನ್ನು ಬಹುಮಟ್ಟಿಗೆ ದೇಹದಂತೆಯೇ ಹೀರುತ್ತದೆ.

ಗಮನಿಸಬೇಕಾದ ಅಂಶಗಳು

1. ಕಾಯಿಸಿ ಓದಿದೊಡನೆ ದಾಖಲೆಯ ಬಹುಭಾಗ ಅಳಿಸಿಹೋಗುತ್ತದೆ. ಆದುದರಿಂದ ಮೊದಲ ಓದಿನಲ್ಲಿಯೇ ಎಚ್ಚರಿಕೆ ಅಗತ್ಯ.

2. ಮರುಬಳಕೆಗೆ ಮೊದಲು ಸಾಮಾನ್ಯವಾಗಿ 400 ಡಿಗ್ರಿಯಲ್ಲಿ 1 ಗಂಟೆ, ಅನಂತರ 100 ಡಿಗ್ರಿಯಲ್ಲಿ 2 ಗಂಟೆ ಕಾಯಿಸಲಾಗುತ್ತದೆ.

3. ಓದುವ ಮುನ್ನವೇ ಅಧಿಕ ಶಾಖ ತಗಲಿದರೆ ದಾಖಲೆ ಕುಂದಿ, ನೈಜ ಪ್ರಮಾಣಕ್ಕಿಂತ ಕಡಿಮೆ ಅಂಕಿ ಬರಬಹುದು.

ಭಾರತದಲ್ಲಿ ಬಳಕೆ

ಭಾರತದಲ್ಲಿ ವಿಕಿರಣ ಕಾರ್ಯಕರ್ತರು ಧರಿಸುವ ಬಿಲ್ಲೆಯಲ್ಲಿ ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟ್‌ನ ಮೂರು ತಟ್ಟೆಗಳಿರುತ್ತವೆ. ವಸ್ತು ಬೇರೆಯಾದರೂ ಉಷ್ಣದೀಪ್ತಿಯ ತತ್ವ ಒಂದೇ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿಯಂತೆ ಕಾರ್ಯಕರ್ತರಿಗೆ ತಗಲುವ ವಿಕಿರಣವು ಸತತ ಐದು ವರ್ಷಗಳಲ್ಲಿ ವಾರ್ಷಿಕ ಸರಾಸರಿ 20 ಮಿಲಿಸೀವರ್ಟ್ ಅನ್ನೂ, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಅನ್ನೂ ಮೀರತಕ್ಕದ್ದಲ್ಲ. ಬಿಲ್ಲೆಯು ವಿಕಿರಣವನ್ನು ತಡೆಯುವುದಿಲ್ಲ, ದಾಖಲಿಸುತ್ತದೆ ಮಾತ್ರ. ಧರಿಸದೆ ಮೇಜಿನ ಮೇಲಿಟ್ಟ ಬಿಲ್ಲೆಯು ಮೇಜಿಗೆ ತಗಲಿದ ವಿಕಿರಣವನ್ನು ತಿಳಿಸುವುದೇ ಹೊರತು ಕಾರ್ಯಕರ್ತರಿಗೆ ತಗಲಿದುದನ್ನಲ್ಲ.