ಕಟರ್ ಬಾರ್: ನೆಲಕ್ಕೆ ಎಷ್ಟು ಹತ್ತಿರ?

ಕೂಡ್ಲಿಗಿ, ಕೊಟ್ಟೂರಿನ ಮಸಾರಿ ಹೊಲದ ಶೇಂಗಾಕ್ಕೆ ಕೊಯ್ಲು ಯಂತ್ರದ ಮುಂದೆ ಬೆಳೆ ಕತ್ತರಿಸುವ ಕಟರ್ ಬಾರ್ ಬೇಕಿಲ್ಲ. ಕಾಯಿ ಮಣ್ಣೊಳಗೆ, ಅದಕ್ಕೆ ಕುಂಟೆಯೇ ಸೈ. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯ ಮೆಕ್ಕೆಜೋಳದ ತೆನೆ ಎತ್ತರದಲ್ಲಿರುತ್ತದೆ. ಹಡಗಲಿಯ ತುಂಗಭದ್ರಾ ದಂಡೆಯ ಭತ್ತವನ್ನು ಗೇಣೆತ್ತರಕ್ಕೆ ಕೊಯ್ದರೂ ಕಾಳು ತಪ್ಪದು. ದನದ ಹುಲ್ಲು ಹೊಲದಲ್ಲೇ ಉಳಿಯುವುದು ಬೇರೆ ಮಾತು.

ಸೋಯಾ ಅವರೆಯದು ಬೇರೆ ಕಥೆ. ಬೀದರ್, ಬೆಳಗಾವಿ, ಧಾರವಾಡ ಕಡೆ ಹೆಚ್ಚು ಬೆಳೆಯುವ ಈ ಗಿಡದ ಕೆಳಗಿನ ಕಾಯಿ ನೆಲದಿಂದ ನಾಲ್ಕು ಬೆರಳು ಮೇಲಷ್ಟೇ ಇರಬಹುದು. ಗಟ್ಟಿ ಕಟರ್ ಬಾರನ್ನು ಅಷ್ಟು ಕೆಳಗೆ ಇಳಿಸಿದರೆ ದಿಬ್ಬದಲ್ಲಿ ಮಣ್ಣು ಕೆರೆಯುತ್ತದೆ, ತಗ್ಗಿನಲ್ಲಿ ಕಾಯಿ ಬಿಟ್ಟು ಹೋಗುತ್ತದೆ. ಅದಕ್ಕೇ ನೆಲದ ಏರಿಳಿತಕ್ಕೆ ಬಾಗುತ್ತ ಜಾರುವ ಫ್ಲೆಕ್ಸ್ ಕಟರ್ ಬಾರ್ ಬಂತು. ಅಗಲ ಹೆಚ್ಚಿದಷ್ಟೂ ಇದರ ಲಾಭ ಹೆಚ್ಚು. ಸಮತಟ್ಟಾದ ಸಣ್ಣ ಹೊಲಕ್ಕೆ, ಕಿರಿದಾದ ಯಂತ್ರಕ್ಕೆ ಗಟ್ಟಿ ಬಾರೇ ಸಾಕು ಎನ್ನಬಹುದು.

ಕಟರ್ ಬಾರಿನ ಬೆರಳುಗಳ ನಡುವೆ ತ್ರಿಕೋನ ಅಲಗು ಅತ್ತಿಂದಿತ್ತ ಓಡುವ ಈ ಉಪಾಯಕ್ಕೆ ಅಮೆರಿಕದ ಒಬೆಡ್ ಹಸ್ಸಿ 1833ರಲ್ಲೇ ಪೇಟೆಂಟ್ ಪಡೆದಿದ್ದ. ಸಾಮಾನ್ಯವಾಗಿ ಅಲಗಿನ ಅಗಲ 3 ಇಂಚು. ಸೋಯಾಕ್ಕೆ 1.5 ಇಂಚಿನದೂ ಉಂಟು: ಗಿಡ ಕಡಿಮೆ ಅಲುಗುತ್ತದೆ, ಒಣಗಿದ ಕಾಯಿ ಕಡಿಮೆ ಸಿಡಿಯುತ್ತದೆ. ಅಲಗು ಮೊಂಡಾದರೆ ಎರಡೂ ಒಂದೇ.

ಸೋಯಾ ಕೊಯ್ದ ಹೊಲದಲ್ಲಿ ಚದರ ಮೀಟರಿಗೆ 43 ಕಾಳು ಬಿದ್ದಿದ್ದರೆ ಎಕರೆಗೆ ಸುಮಾರು 27 ಕೆಜಿ ಹೋಯಿತೆಂದೇ ಲೆಕ್ಕ. ಬಾರ್ ನೆಲಕ್ಕೆ ಹತ್ತಿರ ಓಡಬೇಕೆಂದರೆ ಬಿತ್ತುವ ಮುನ್ನ ಹೊಲದ ಕಲ್ಲು ಆರಿಸುವುದು, ಹೆಂಟೆ ಒಡೆಯುವುದು ಯಾವ ಬಗೆಯ ಬಾರ್ ಇದ್ದರೂ ತಪ್ಪದ ಕೆಲಸ.