ತಿದ್ದುಪಡಿ ಬಂದ ದಾರಿ: ಅಗ್ಗದ ಉಪಗ್ರಹ ಸಂಕೇತ ಹೊಲ ತಲುಪಿದ ಇತಿಹಾಸ

ಉಪಗ್ರಹ ತೋರಿಸುವ ಜಾಗಕ್ಕೂ ನಿಜವಾದ ಜಾಗಕ್ಕೂ ಎಷ್ಟು ವ್ಯತ್ಯಾಸವಿದ್ದರೆ ನಡೆದೀತು ಎಂಬುದನ್ನು ಹೊಲದ ಕೆಲಸವೇ ನಿರ್ಧರಿಸುತ್ತದೆ. ಗೊಬ್ಬರ ಎರಚುವಾಗ ಒಂದು ಅಡಿ ಆಚೀಚೆಯಾದರೆ ಅಂಥ ನಷ್ಟವಿಲ್ಲ. ಅಮೆರಿಕದ ಮೆಕ್ಕೆಜೋಳದ ಹೊಲಗಳಲ್ಲಿ ಸಾಲಿನಿಂದ ಸಾಲಿಗೆ ಸಾಮಾನ್ಯವಾಗಿ 30 ಇಂಚು. ಅದರ ನಡುವೆ ಕುಂಟೆ ಹೊಡೆಯುವಾಗ ಅದೇ ಒಂದು ಅಡಿ ತಪ್ಪಿದರೆ ಕಳೆಯ ಬದಲು ಬೆಳೆಯೇ ಕಿತ್ತು ಬರುತ್ತದೆ. ಬರಿಯ ಜಿಪಿಎಸ್ ತಪ್ಪುವುದು ಮೀಟರುಗಳ ಲೆಕ್ಕದಲ್ಲಿ. ಆ ತಪ್ಪನ್ನು ಅಡಿಗೆ, ಅಡಿಯಿಂದ ಸೆಂಟಿಮೀಟರಿಗೆ ಇಳಿಸುವುದು ತಿದ್ದುಪಡಿ ಸಂಕೇತ.

ಇದರ ತತ್ವ ಸರಳ. ಸ್ಥಾನ ಖಚಿತವಾಗಿ ಗೊತ್ತಿರುವ ಕಡೆ ಒಂದು ರಿಸೀವರ್ ನೆಟ್ಟರೆ, ಉಪಗ್ರಹಗಳ ಅಳತೆ ಆ ಗಳಿಗೆಯಲ್ಲಿ ಎಷ್ಟು ತಪ್ಪಿದೆಯೆಂದು ಅದಕ್ಕೆ ತಿಳಿಯುತ್ತದೆ. ಹತ್ತಿರದಲ್ಲೇ ಓಡಾಡುವ ಟ್ರ್ಯಾಕ್ಟರಿನ ರಿಸೀವರೂ ಹೆಚ್ಚುಕಡಿಮೆ ಅಷ್ಟೇ ತಪ್ಪಿರುತ್ತದೆ, ಅಷ್ಟನ್ನು ಕಳೆದರಾಯಿತು. ಲೆಕ್ಕ ದುಬಾರಿಯದೇನಲ್ಲ. ಹಾಗಿದ್ದೂ ರೈತರು ಬಹುಕಾಲ ಇದಕ್ಕೆ ದೊಡ್ಡ ಮೊತ್ತ ತೆತ್ತರು. ಅವರು ತೆತ್ತದ್ದರಲ್ಲಿ ಬಹುಪಾಲು ಆ ಲೆಕ್ಕ ಹೊಲಕ್ಕೆ ಬರುವ ದಾರಿಯ ಸುಂಕ ಎಂಬುದು ಈ ಲೇಖನದ ವಾದ. ಆ ಸುಂಕ ಇಳಿದಾಗ ಹೆಚ್ಚಿನ ಸಲ ದಾರಿಯನ್ನು ಮೊದಲು ಬೇರೆ ಯಾರಿಗೋ ಹಾಕಿದ್ದು ಕಂಡುಬರುತ್ತದೆ.

ಮೊದಲ ದಾರಿ ಹಡಗುಗಳದು. ಅಮೆರಿಕದ ಸೇನೆ ನಾಗರಿಕ ಬಳಕೆಯ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ, ನಿಖರತೆಯನ್ನು ಸುಮಾರು 100 ಮೀಟರಿಗೆ ಇಳಿಸಿಟ್ಟಿತ್ತು. ಬಂದರು ಹೊಗುವ ಹಡಗಿಗೆ ಅದು ಸಾಲದು. ಅದೇ ದೇಶದ ಕರಾವಳಿ ಕಾವಲು ಪಡೆ, ಸುಮಾರು 300 ಕಿಲೋಹರ್ಟ್ಸ್‌ನಲ್ಲಿ ಬಿತ್ತರಿಸುತ್ತಿದ್ದ ತನ್ನ ಹಳೆಯ ರೇಡಿಯೋ ಬೀಕನ್‌ಗಳ ಮೇಲೆ ತಿದ್ದುಪಡಿಯನ್ನು ಹೇರಿ ಪುಕ್ಕಟೆಯಾಗಿ ಹರಿಬಿಟ್ಟಿತು. ಸರ್ಕಾರದ ಒಂದು ಕೈ ಕೆಡಿಸಿದ್ದನ್ನು ಇನ್ನೊಂದು ಕೈ ರಿಪೇರಿ ಮಾಡುತ್ತಿತ್ತು! ಈ ಸೇವೆ 1996ರಲ್ಲಿ ಆರಂಭಿಕ ಹಂತ ಮುಟ್ಟಿ, 1999ರಲ್ಲಿ ಪೂರ್ಣಗೊಂಡಿತು. ಮಿಸಿಸಿಪ್ಪಿಯಂಥ ನದಿಗಳ ಸರಕು ದೋಣಿಗಳಿಗೂ ಬೀಕನ್ ಹಾಕಿದ್ದರಿಂದ ದಂಡೆಯಾಚೆಯ ಹೊಲಗಳಿಗೂ ಸಂಕೇತ ಸಿಕ್ಕಿತು. ಮುಂದೆ ಇದನ್ನು ಒಳನಾಡಿಗೆ ವಿಸ್ತರಿಸುವಾಗ ಬಳಕೆಗೆ ಬಂದದ್ದು, ಅಣುಯುದ್ಧವಾದರೂ ಸಂದೇಶ ಸಾಗಲೆಂದು ವಾಯುಪಡೆ ನಿಲ್ಲಿಸಿ ಆಮೇಲೆ ಕೈಬಿಟ್ಟಿದ್ದ ಗೋಪುರಗಳು.

ಕೆಡಿಸುವ ಕೆಲಸವನ್ನು 2000ದ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿದರು. ತಿದ್ದುಪಡಿಯ ಅಗತ್ಯ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ವಾತಾವರಣದ ಮೇಲಿನ ಪದರವಾದ ಅಯಾನುಗೋಳ ಸಂಕೇತವನ್ನು ತಡಮಾಡಿಸುವುದು ಯಾರ ಆದೇಶಕ್ಕೂ ನಿಲ್ಲುವಂಥದ್ದಲ್ಲ. ಅದೇ ವರ್ಷ ವಿಮಾನಗಳಿಗಾಗಿ ರೂಪಿಸಿದ ವಾಸ್ ಸಂಕೇತ ಆಗಸದಿಂದ ಬರತೊಡಗಿತು. ವಿಮಾನಯಾನಕ್ಕೆ ಅದು ಅಧಿಕೃತವಾಗಿ ಒದಗಿದ್ದು 2003ರಲ್ಲಿ. ಆ ಮೂರು ವರ್ಷ ರೈತರು ಕಾಯಲಿಲ್ಲ. ಭೂಸ್ಥಿರ ಉಪಗ್ರಹ ಜಿಪಿಎಸ್‌ನ ಆವರ್ತನದಲ್ಲೇ ಇದನ್ನು ಕಳಿಸುವುದರಿಂದ ಬೇರೆ ರೇಡಿಯೋ ಬೇಡ, ಚಂದಾ ಬೇಡ. ನಿಖರತೆ ಮೀಟರಿನ ಆಸುಪಾಸು ಎಂದು ಕಾಗದದಲ್ಲಿದ್ದರೂ, ಹದಿನೈದು ನಿಮಿಷದೊಳಗೆ ಪಕ್ಕದ ಸಾಲಿಗೆ ಬಂದರೆ ಎರಡೂ ಸಾಲಿನ ತಪ್ಪು ಹೆಚ್ಚುಕಡಿಮೆ ಒಂದೇ ಕಡೆಗೆ ವಾಲಿರುತ್ತದೆ. ಹಾಗಾಗಿ ಸಾಲಿಗೂ ಸಾಲಿಗೂ ನಡುವಿನ ಅಂತರ ಸಾಕಷ್ಟು ಸರಿಯಾಗಿಯೇ ಬರುತ್ತಿತ್ತು. ಔಷಧಿ ಸಿಂಪಡಿಸಲು ಅಷ್ಟು ಸಾಕು. ಮರುವರ್ಷ ಅದೇ ಗೆರೆಯ ಮೇಲೆ ಬಿತ್ತುತ್ತೇನೆಂದರೆ ಆಗದು.

ಸೆಂಟಿಮೀಟರ್ ಬೇಕಾದವರಿಗೆ ಬೇರೆ ಕಥೆ. ಜಿಪಿಎಸ್‌ನ ಶಿಲ್ಪಿಗಳಲ್ಲೊಬ್ಬರಾದ ಬ್ರಾಡ್‌ಫರ್ಡ್ ಪಾರ್ಕಿನ್‌ಸನ್ ಇದ್ದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 1990ರ ದಶಕದ ನಡುವೆ ಜಾನ್ ಡಿಯರ್ 7800 ಟ್ರ್ಯಾಕ್ಟರಿನ ಕ್ಯಾಬಿನ್ ಮೇಲೆ ನಾಲ್ಕು ಆಂಟೆನಾ ಕೂರಿಸಿ, ಸ್ಟೇರಿಂಗ್ ಮುಟ್ಟದೆ ಅದನ್ನು ನೇರ ಸಾಲಿನಲ್ಲಿ ಓಡಿಸಿತು. ತಪ್ಪು ಸುಮಾರು ಎರಡೂವರೆ ಸೆಂಟಿಮೀಟರ್. ಗುಟ್ಟಿದ್ದದ್ದು ಸುಮಾರು 19 ಸೆಂಟಿಮೀಟರ್ ಉದ್ದದ ವಾಹಕ ಅಲೆಯನ್ನೇ ಅಳತೆಗೋಲು ಮಾಡಿಕೊಂಡದ್ದರಲ್ಲಿ. ಆರ್‌ಟಿಕೆ ಎನ್ನುವುದು ಇದನ್ನೇ. ಅದಕ್ಕೆ ಹೊಲದ ಬದಿಯಲ್ಲೇ ಸ್ವಂತ ಬೇಸ್ ಸ್ಟೇಷನ್ (ಸ್ಥಾನ ಖಚಿತವಾಗಿ ಗೊತ್ತಿರುವ ರಿಸೀವರ್), ರೇಡಿಯೋ ಬೇಕಿತ್ತು. ಆಗ ಇಡೀ ಜೋಡಿಗೆ ಹತ್ತಾರು ಸಾವಿರ ಡಾಲರ್. ಅಷ್ಟು ಸುರಿಯಲಾರದವರಿಗೆ ಓಮ್ನಿಸ್ಟಾರ್, ಸ್ಟಾರ್‌ಫೈರ್‌ಗಳಂಥ ಕಂಪನಿ ಸೇವೆಗಳು ಉಪಗ್ರಹದ ಮೂಲಕ ಚಂದಾದಾರಿಕೆಗೆ ಸಿಗುತ್ತಿದ್ದವು. ಓಮ್ನಿಸ್ಟಾರಿನ ಆಗಿನ ಒಡೆಯ ಫುಗ್ರೊ ಕಂಪನಿಯ ಮೂಲ ಕಸುಬು ಭೂಸಮೀಕ್ಷೆ, ಕಡಲ ತೈಲದ ಸರ್ವೇ. ಇಲ್ಲಿಯೂ ರೈತ ಎರಡನೆಯ ಗಿರಾಕಿ.

ಬೆಲೆ ಮುರಿದುಬಿದ್ದದ್ದು ಇಂಟರ್ನೆಟ್ಟಿನಿಂದ. ಜರ್ಮನಿಯ ಒಕ್ಕೂಟ ಭೂಮಾಪನ ಸಂಸ್ಥೆ ಬಿಕೆಜಿ, ಫ್ರಾಂಕ್‌ಫರ್ಟ್‌ನಲ್ಲಿ ರೂಪಿಸಿದ ಎನ್‌ಟ್ರಿಪ್ ವಿಧಾನ 2004ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಯಿತು. ಜಾಲತಾಣ ತೆರೆಯುವ ವಿಧಾನವನ್ನೇ ಅದು ಎರವಲು ಪಡೆದಿದೆ. ಬೇಸ್ ಸ್ಟೇಷನ್ ತನ್ನ ದತ್ತಾಂಶವನ್ನು ಕಾಸ್ಟರ್ ಎಂಬ ಸರ್ವರಿಗೆ ಒಪ್ಪಿಸುತ್ತದೆ. ಟ್ರ್ಯಾಕ್ಟರಿನ ರಿಸೀವರ್ ಮೊಬೈಲ್ ಸಿಮ್ ಮೂಲಕ ಅಲ್ಲಿಗೆ ಹೋಗಿ, ಬೇಕಾದ ಬೇಸಿನ ಹೆಸರು ಹೇಳಿ ತಗೊಳ್ಳುತ್ತದೆ. ಈ ದತ್ತಾಂಶದಲ್ಲಿ 1005 ಎಂಬ ಸಂಖ್ಯೆಯ ಚಿಕ್ಕ ಸಂದೇಶವೊಂದಿದೆ. ಬೇಸ್ ಎಲ್ಲಿದೆ ಎಂಬುದನ್ನು ಮಿಲಿಮೀಟರಿನ ಹತ್ತನೇ ಒಂದರ ಏಕಮಾನದಲ್ಲಿ ಅದು ಹೇಳುತ್ತದೆ. ಬೇಸ್ ನೆಡುವವರು ಅಲ್ಲಿ ಅರ್ಧ ಮೀಟರ್ ತಪ್ಪು ಬರೆದರೆ ಪರದೆಯ ಮೇಲೆ ಎಲ್ಲವೂ ಸೊಗಸಾಗಿ ಕಾಣುತ್ತದೆ, ಸಾಲುಗಳೂ ನೆಟ್ಟಗೆ ಬೀಳುತ್ತವೆ. ಇಡೀ ಹೊಲ ಮಾತ್ರ ಅರ್ಧ ಮೀಟರ್ ಸರಿದಿರುತ್ತದೆ. ಮುಂದಿನ ಹಂಗಾಮಿಗೆ ಬೇರೆ ಬೇಸ್ ಹಿಡಿದಾಗ ಮಾತ್ರ ಬಣ್ಣ ಬಯಲು. ಅಗ್ಗದ ಸಂಕೇತದ ನಿಜವಾದ ಅಪಾಯ ಇಂಥ ಸದ್ದಿಲ್ಲದ ತಪ್ಪಿನಲ್ಲಿದೆ ಎಂದು ನನ್ನ ಅಂದಾಜು.

ದಾರಿ ಅಗ್ಗವಾದ ಮೇಲೆ ಪೆಟ್ಟಿಗೆಯೂ ಅಗ್ಗವಾಯಿತು. ಟೋಕಿಯೊದ ಸಂಶೋಧಕ ತೊಮೋಜಿ ತಕಾಸು ಬರೆದ ಆರ್‌ಟಿಕೆಲಿಬ್ ತಂತ್ರಾಂಶ ಮುಕ್ತವಾಗಿ ದೊರೆತು, ಕಂಪನಿಗಳ ಪೆಟ್ಟಿಗೆಯೊಳಗಿದ್ದ ಲೆಕ್ಕವನ್ನು ಯಾರು ಬೇಕಾದರೂ ಓದುವಂತೆ ಮಾಡಿತು. 2018ರಲ್ಲಿ ಸ್ವಿಸ್ ಕಂಪನಿ ಯು-ಬ್ಲಾಕ್ಸ್ ಎರಡು ಆವರ್ತನ ಹಿಡಿಯುವ ಎಫ್9ಪಿ ಚಿಪ್ ಪ್ರಕಟಿಸಿದ ಮೇಲೆ ಸೆಂಟಿಮೀಟರ್ ರಿಸೀವರು ಕೆಲವು ನೂರು ಡಾಲರಿಗೆ ಇಳಿಯಿತು. ಮರುವರ್ಷವೇ ಫ್ರಾನ್ಸಿನ ಸರ್ಕಾರಿ ಕೃಷಿ ಸಂಶೋಧನೆಯ ಅಂಗಳದಲ್ಲಿ ಸೆಂಟಿಪೇಡ್ ಜಾಲ ಹುಟ್ಟಿತು: ರೈತರು, ಶಾಲೆಗಳು, ಸಂಶೋಧನಾ ಕೇಂದ್ರಗಳು ತಮ್ಮ ಮಾಡಿನ ಮೇಲೆ ಒಂದೊಂದು ಆಂಟೆನಾ ನೆಟ್ಟು ಎಲ್ಲರಿಗೂ ಪುಕ್ಕಟೆ ಹಂಚುವ ಏರ್ಪಾಡು. ಬೇಸಿನಿಂದ ದೂರ ಹೋದಂತೆ ನಿಖರತೆ ಕುಂದುತ್ತದೆ, ಹತ್ತು ಕಿಲೋಮೀಟರಿಗೆ ಸುಮಾರು ಒಂದು ಸೆಂಟಿಮೀಟರ್. ಆದ್ದರಿಂದ ಇಂಥ ಜಾಲಕ್ಕೆ ದುಡ್ಡಿಗಿಂತ ಹೆಚ್ಚಾಗಿ ಬೇಕಾದದ್ದು ಊರೂರಿಗೂ ಒಬ್ಬ ಒಪ್ಪುವವನು. ನಾನು ನೋಡಿದ ಮಟ್ಟಿಗೆ, ಮೊದಲಿನಿಂದಲೂ ಕೃಷಿಯನ್ನು ಕಣ್ಣ ಮುಂದಿಟ್ಟುಕೊಂಡು ಕಟ್ಟಿದ ಪುಕ್ಕಟೆ ದಾರಿ ಇದೊಂದೇ.

ಮೊಬೈಲ್ ಸಿಗ್ನಲ್ ಇಲ್ಲದ ಹೊಲಕ್ಕೆ ಉಪಗ್ರಹಗಳೇ ಮತ್ತೆ ಗತಿ. ಜಪಾನಿನ ಮಿಚಿಬಿಕಿ ಉಪಗ್ರಹ ವ್ಯವಸ್ಥೆ 2018ರ ನವೆಂಬರಿನಿಂದ ಸೆಂಟಿಮೀಟರ್ ತಿದ್ದುಪಡಿಯನ್ನು ಪುಕ್ಕಟೆಯಾಗಿ ಬಿತ್ತರಿಸುತ್ತಿದೆ. ಯುರೋಪಿನ ಗೆಲಿಲಿಯೊ 2023ರ ಜನವರಿಯಲ್ಲಿ ಆರಂಭಿಸಿದ ಸೇವೆಯ ಗುರಿ ಅಡ್ಡಡ್ಡಕ್ಕೆ 20 ಸೆಂಟಿಮೀಟರ್; ಪ್ರತಿ ಉಪಗ್ರಹದಿಂದ ಸೆಕೆಂಡಿಗೆ ಬರುವುದು ಬರೀ 448 ಬಿಟ್. ಇದೇ ಕಾಲದಲ್ಲಿ, 2020ರ ಜೂನ್ 30ಕ್ಕೆ, ಅಮೆರಿಕದ ಕೊನೆಯ ಬೀಕನ್‌ಗಳು ಮುಚ್ಚಿದವು.

ನಮ್ಮಲ್ಲಿನ, ವಾಸ್‌ನಂಥದ್ದೇ ಆದ ಗಗನ್ ವ್ಯವಸ್ಥೆಯೂ ವಿಮಾನಗಳಿಗೆಂದೇ ಬಂದದ್ದು. ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಇದರ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನ ಕುಂದಲಹಳ್ಳಿಯಲ್ಲಿ. 2015ರ ಏಪ್ರಿಲಿನಲ್ಲಿ ವಿಮಾನ ಇಳಿಸಲು ನೆರವಾಗುವ ಮಟ್ಟದ ಪ್ರಮಾಣಪತ್ರ ದೊರೆಯಿತು. ಭೂಮಧ್ಯರೇಖೆಗೆ ಹತ್ತಿರದ ಅಯಾನುಗೋಳ ಅಮೆರಿಕದ ಆಕಾಶಕ್ಕಿಂತ ಹೆಚ್ಚು ತಕರಾರಿನದು. ಅದಕ್ಕಾಗಿಯೇ ಇಸ್ರೊ ಪ್ರತ್ಯೇಕ ಮಾದರಿ ರೂಪಿಸಬೇಕಾಯಿತು. ವಿಷುವತ್ತಿನ ತಿಂಗಳುಗಳಲ್ಲಿ ಹೊತ್ತು ಮುಳುಗಿದ ಮೇಲೆ ಸಂಕೇತ ಮಿಣುಕುವುದು ಇಲ್ಲಿ ಮಾಮೂಲು. 2024ರ ಮೇ 10ರ ಸೌರ ಬಿರುಗಾಳಿಯಲ್ಲಿ ಅಮೆರಿಕದ ಮೆಕ್ಕೆಜೋಳದ ರೈತರು ಬಿತ್ತನೆಯ ನಡುವೆ ಯಂತ್ರ ನಿಲ್ಲಿಸಿ ಕೂತ ತೊಂದರೆಯ ಸಣ್ಣ ರೂಪ ಅದು.

ಸೆಂಟಿಮೀಟರಿಗೆ ಗಗನ್ ಸಾಲದು. ಅದಕ್ಕೆ ಇರುವುದು ಸರ್ವೇ ಆಫ್ ಇಂಡಿಯಾದ ಶಾಶ್ವತ ಬೇಸ್ ಸ್ಟೇಷನ್‌ಗಳ ಜಾಲ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆ, ನಿವೇಶನಗಳನ್ನು ಡ್ರೋನಿನಿಂದ ಅಳೆಯಲು ಅದು ವಿಸ್ತಾರಗೊಂಡಿತು, ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮತ್ತೆ ಅದೇ: ದಾರಿ ಇನ್ನೊಬ್ಬರಿಗೆ. ಸರಾಸರಿ ಹಿಡುವಳಿ ಒಂದೂವರೆ ಹೆಕ್ಟೇರಿಗೂ ಕಡಿಮೆಯಿರುವ ರಾಜ್ಯದಲ್ಲಿ ಒಬ್ಬೊಬ್ಬ ರೈತನೂ ರಿಸೀವರ್ ಕೊಳ್ಳುವ ಮಾತು ಹುರುಳಿಲ್ಲದ್ದು. ಕೃಷಿ ಯಂತ್ರಧಾರೆ ಕೇಂದ್ರದ ಬಾಡಿಗೆ ಟ್ರ್ಯಾಕ್ಟರಿಗೋ ಔಷಧಿ ಹೊಡೆಯುವ ಡ್ರೋನಿಗೋ ಒಂದು ರಿಸೀವರ್ ಜೋಡಿಸಿದರೆ, ಅದು ದಿನಕ್ಕೆ ನಾಲ್ಕಾರು ಹೊಲಕ್ಕೆ ದುಡಿಯಬಲ್ಲದು. ಭೂಮಾಪಕರ ಜಾಲ ಆ ಯಂತ್ರಗಳಿಗೆ ಯಾವ ದರದಲ್ಲಿ ತೆರೆದುಕೊಳ್ಳಬೇಕು ಎಂಬುದು ಕೃಷಿ ಇಲಾಖೆ ಮತ್ತು ಸರ್ವೇ ಇಲಾಖೆ ಒಟ್ಟಿಗೆ ಕೂತು ತೀರ್ಮಾನಿಸಬೇಕಾದ ವಿಷಯ.