ಭ್ರೂಣದಲ್ಲಿ ಹೃದಯ ಮತ್ತು ರಕ್ತನಾಳಗಳ ಉದಯ

ಗರ್ಭಸ್ಥ ಜೀವದ ಅವಯವಗಳಲ್ಲಿ ಎಲ್ಲಕ್ಕಿಂತ ಮೊದಲು ಕಾರ್ಯೋನ್ಮುಖವಾಗುವುದು ಹೃದಯ. ಮಾನವ ಭ್ರೂಣವು ಕೆಲವೇ ಮಿಲಿಮೀಟರುಗಳಷ್ಟು ಉದ್ದವಿರುವಾಗಲೇ, ಅದರ ಮಧ್ಯಸ್ತರದ ಜೀವಕೋಶಗಳು ಎರಡು ಸೂಕ್ಷ್ಮನಾಳಗಳಾಗಿ ರೂಪುಗೊಂಡು, ದೇಹವು ಮಡಿಚಿಕೊಳ್ಳುತ್ತ ಬಂದಂತೆ ಪರಸ್ಪರ ಸಮೀಪಿಸಿ, ನಡುವೆ ಕೂಡಿ ಏಕನಾಳವಾಗುವುವು. ಸುಮಾರು 22ನೆಯ ದಿನದ ವೇಳೆಗೆ ಆ ನಾಳವು ಮಿಡಿಯತೊಡಗುವುದು.

ಇತ್ತ ಭ್ರೂಣಕ್ಕೆ ಹೊಂದಿಕೊಂಡಿರುವ ಭಂಡಾರಚೀಲದ (ಯೋಕ್ ಸ್ಯಾಕ್) ಭಿತ್ತಿಯಲ್ಲಿ ರಕ್ತದ್ವೀಪಗಳೆಂಬ ಕೋಶಸಮೂಹಗಳು ತಲೆದೋರುವುವು. ಅವುಗಳ ಹೊರಗಿನ ಕೋಶಗಳು ನಾಳದ ಒಳಪದರವಾಗಿಯೂ ಒಳಗಿನವು ಆದಿಮ ರಕ್ತಕಣಗಳಾಗಿಯೂ ಪರಿಣಮಿಸಿ, ಮುಂಗಾರಿನ ಹಳ್ಳಗಳು ಕೂಡಿ ಹೊಳೆಯಾಗುವಂತೆ, ಬಿಡಿನಾಳಗಳೆಲ್ಲ ಬೆಸೆದು ಹೃದಯವನ್ನು ಸೇರುವುವು.

ಹೃದಯದ ಇಂಥ ಆರಂಭದ ಮಿಡಿತವು ಕೋಳಿಭ್ರೂಣದಲ್ಲಿ ಬಹು ಹಿಂದೆಯೇ ಗಮನಕ್ಕೆ ಬಂದಿತ್ತು. ಕೋಳಿಮೊಟ್ಟೆಗೆ ಕಾವು ಕೊಟ್ಟ ಮೂರನೆಯ ದಿನದ ಸುಮಾರಿಗೆ ಬಿಳಿಯ ಲೋಳೆಯಲ್ಲಿ ರಕ್ತಬಿಂದುವೊಂದು ಮಿಡಿದು ನೆಗೆಯುವುದನ್ನು ಅರಿಸ್ಟಾಟಲನು ಪ್ರಾಚೀನ ಕಾಲದಲ್ಲೇ ಕಂಡು ದಾಖಲಿಸಿದ್ದನು. 1672ರಲ್ಲಿ ಇಟಲಿಯ ಮಾರ್ಚೆಲ್ಲೊ ಮಾಲ್ಪಿಘಿಯು, ಸೂಕ್ಷ್ಮದರ್ಶಕದಲ್ಲಿ ಕಂಡ ಕೋಳಿಭ್ರೂಣದ ಹೃದಯವನ್ನೂ ಅದನ್ನು ಬಳಸಿದ ನಾಳಜಾಲವನ್ನೂ ಚಿತ್ರಿಸಿ, ಲಂಡನ್ನಿನ ರಾಯಲ್ ಸೊಸೈಟಿಗೆ ಕಳುಹಿಸಿದನು.

ಮಾನವ ಭ್ರೂಣದಲ್ಲಿ, ನೇರವಾಗಿದ್ದ ಹೃದಯನಾಳವು ಬೆಳೆಯುತ್ತ ಬಲಕ್ಕೆ ಬಾಗಿ ಸುರುಳಿಗೊಂಡು, ಒಳಗೆ ಪೊರೆಗಳು ಎದ್ದುಬಂದು, ಎಂಟನೆಯ ವಾರದ ವೇಳೆಗೆ ನಾಲ್ಕು ಕೋಣೆಗಳಾಗಿ ವಿಭಾಗವಾಗುವುದು. ಆದರೂ ಮೇಲಿನ ಎರಡು ಕೋಣೆಗಳ ನಡುವೆ ಅಂಡಾಕಾರದ ರಂಧ್ರವೊಂದು ಉಳಿದಿರುವುದು. ತಾಯಿಯ ಮಾಸುವಿನಿಂದ ಪ್ರಾಣವಾಯುವನ್ನು ಪಡೆದು ಬಂದ ರಕ್ತದ ಬಹುಭಾಗವು, ಇನ್ನೂ ಉಸಿರಾಡದ ಶ್ವಾಸಕೋಶಗಳ ಮೂಲಕ ಹೋಗದೆ, ಈ ದ್ವಾರದಿಂದಲೇ ಎಡಭಾಗಕ್ಕೆ ದಾಟುವುದು. ಶಿಶುವು ಮೊದಲ ಉಸಿರೆಳೆದಾಗ ಎಡಗೋಣೆಯ ಒತ್ತಡವೇರಿ, ಪೊರೆಯು ರಂಧ್ರವನ್ನು ಮುಚ್ಚುವುದು. ಹೃದಯದ ಕೋಣೆಗಳ ವಿಭಜನೆಯಲ್ಲಿ ಲೋಪವುಂಟಾದರೆ ಜನ್ಮಜಾತ ಹೃದ್ರೋಗಗಳು ಸಂಭವಿಸುವುವಾದ್ದರಿಂದ, ಭ್ರೂಣದ ಈ ಚರಿತ್ರೆಯನ್ನು ಅರಿಯುವುದು ಶಿಶುಚಿಕಿತ್ಸೆಗೆ ಅತ್ಯವಶ್ಯಕವಾಗಿದೆ.